ಗಾಲಿ ಕಳವು: ಬೀಗವೂ ಬೇಕು, ಕಾಗದವೂ ಬೇಕು

ಹಳಿಯಾಳದ ನಮ್ಮ ಕಕ್ಷಿದಾರರೊಬ್ಬರು ಮದುವೆಯ ನಿಮಿತ್ತ ಹುಬ್ಬಳ್ಳಿಗೆ ಹೋಗಿ, ರಾತ್ರಿ ಕಲ್ಯಾಣ ಮಂಟಪದ ಹಿಂದಿನ ಓಣಿಯಲ್ಲಿ ತಮ್ಮ ಕಾರನ್ನು ನಿಲ್ಲಿಸಿದ್ದರು. ಬೆಳಿಗ್ಗೆ ನೋಡಿದಾಗ ಕಾರು ಇತ್ತು, ಗಾಲಿಗಳು ಇರಲಿಲ್ಲ. ಕಳ್ಳರು ಕೆಳಗೆ ಕಲ್ಲು ಒಟ್ಟಿ, ಅದರ ಮೇಲೆ ಕಾರನ್ನು ಕೂರಿಸಿ, ನಾಲ್ಕೂ ಅಲಾಯ್ ಗಾಲಿಗಳನ್ನು ಟೈರು ಸಮೇತ ಬಿಚ್ಚಿಕೊಂಡು ಹೋಗಿದ್ದರು. ಮೂರನೆಯ ದಿನ ಅವರು ಪಾಲಿಸಿಯ ಪ್ರತಿ ಹಿಡಿದುಕೊಂಡು ನನ್ನ ಕಚೇರಿಗೆ ಬಂದು, "ಫುಲ್ ಇನ್ಶೂರೆನ್ಸ್ ಐತ್ರಿ ಸಾಹೇಬ್ರ, ಚಿಂತಿ ಇಲ್ಲ" ಎಂದರು.

ಚಿಂತಿಸಬೇಕಾದ ಸಂಗತಿಗಳು ಮೂರಿದ್ದವು. ಕಾರು ಕೊಂಡಾಗ ಅದಕ್ಕೆ ಇದ್ದದ್ದು ಸಾಮಾನ್ಯ ಉಕ್ಕಿನ ಗಾಲಿಗಳು; ಅಲಾಯ್ ಗಾಲಿಗಳನ್ನು ಅವರು ಒಂದು ವರ್ಷದ ನಂತರ ಅಂಗಡಿಯೊಂದರಲ್ಲಿ ಹಾಕಿಸಿದ್ದರು. ತೆರಿಗೆ ಉಳಿಯುತ್ತದೆಂದು ಬಿಲ್ಲು ಪಡೆದಿರಲಿಲ್ಲ. ಗಾಲಿ ಬದಲಾದ ವಿಷಯವನ್ನು ವಿಮಾ ಕಂಪನಿಗೆ ತಿಳಿಸಿರಲಿಲ್ಲ. ಕೊನೆಗೆ ಕಂಪನಿಯು ಮೂಲ ಉಕ್ಕಿನ ಗಾಲಿಗಳ ಬೆಲೆಯನ್ನಷ್ಟೇ ಗಣನೆಗೆ ತೆಗೆದುಕೊಂಡು, ಅದರಲ್ಲಿಯೂ ಸವಕಳಿ ಕಳೆದು ಹಣ ನೀಡಿತು. ಅವರ ಕೈಸೇರಿದ್ದು ಕಳೆದುಕೊಂಡದ್ದರ ಐದನೆಯ ಒಂದು ಪಾಲಿಗೂ ಕಡಿಮೆ.

ಗಾಲಿ ಕಳವಾಗುವುದು ಒಂದು ರಾತ್ರಿಯಲ್ಲಿ. ಆದರೆ ಅದರಿಂದ ಆಗುವ ನಷ್ಟ ಎಷ್ಟೆಂಬುದು ಬಹುಮಟ್ಟಿಗೆ ಅದಕ್ಕೂ ತಿಂಗಳುಗಳ ಮೊದಲೇ, ನಾವು ಹಾಕಿಸಿದ ಅಥವಾ ಹಾಕಿಸದ ಬೀಗದಲ್ಲಿ, ಪಡೆದ ಅಥವಾ ಪಡೆಯದ ಬಿಲ್ಲಿನಲ್ಲಿ ನಿರ್ಧಾರವಾಗಿರುತ್ತದೆ. ಈ ಮಾತನ್ನು ವ್ಯಾಪಾರಿ ಬಂಧುಗಳಿಗೆ ಮನದಟ್ಟು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಕಳ್ಳನ ಕಣ್ಣು ಗಾಲಿಯ ಮೇಲೇಕೆ?

ಅಲಾಯ್ ಗಾಲಿಯೆಂದರೆ ಮುಖ್ಯವಾಗಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ಎರಕ ಹೊಯ್ದು ಮಾಡಿದ ಗಾಲಿ. ನೋಟ ಚೆನ್ನಾಗಿರುವುದು, ಬ್ರೇಕಿನ ಶಾಖ ಬೇಗ ಹೊರಹೋಗುವುದು ಇದರ ಗುಣಗಳು. ಹಿಂದೆ ದೊಡ್ಡ ಕಾರುಗಳಿಗೆ ಮಾತ್ರ ಮೀಸಲಾಗಿದ್ದ ಇವು ಈಗ ಸಣ್ಣ ಕಾರುಗಳ ಮೇಲಿನ ದರ್ಜೆಯ ಮಾದರಿಗಳಲ್ಲಿಯೂ ಸಾಮಾನ್ಯವಾಗಿವೆ.

ಕಾರನ್ನೇ ಕದಿಯುವುದು ಇಂದು ಸುಲಭವಲ್ಲ. ಇಮ್ಮೊಬಿಲೈಸರ್ ಇದೆ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳಿವೆ, ನೋಂದಣಿ ಇದೆ. ಗಾಲಿಗೆ ಇವು ಯಾವುವೂ ಇಲ್ಲ. ಒಂದು ಗಾಲಿಯನ್ನು ಹಿಡಿದಿರುವುದು ನಾಲ್ಕು ಅಥವಾ ಐದು ನಟ್ಟುಗಳು. ಅವುಗಳನ್ನು ಬಿಚ್ಚಲು ಎಲ್ಲ ಗ್ಯಾರೇಜಿನಲ್ಲಿ ಸಿಗುವ ಜಾಕು ಮತ್ತು ಪಾನಾ ಸಾಕು. ಗಾಲಿಯ ಮೇಲೆ ಅಚ್ಚಾಗಿರುವ ಅಳತೆಯ ಸಂಕೇತವು ಆ ಮಾದರಿಯ ಎಲ್ಲ ಗಾಲಿಗಳ ಮೇಲೂ ಒಂದೇ ಆಗಿರುವುದರಿಂದ, ಬೇರೆ ಗುರುತಿಲ್ಲದಿದ್ದರೆ "ಇದು ನನ್ನದೇ" ಎಂದು ಸಾಧಿಸುವುದು ಕಷ್ಟ. ಮಾರಲು ದಾರಿಗಳೂ ಎರಡು. ಹಾಗೆಯೇ ಮಾರಿದರೆ ಹಳೆಯ ಬಿಡಿಭಾಗದ ಅಂಗಡಿ. ಒಡೆದು ಮಾರಿದರೆ ಗುಜರಿ.

ನಮ್ಮ ಭಾಗದಲ್ಲಿ ಇದು ಕಾರುಗಳಿಗೆ ಮಾತ್ರ ಸೀಮಿತವಾದ ವಿಷಯವಲ್ಲ. ಕಬ್ಬು ನುರಿಸುವ ಕಾಲದಲ್ಲಿ ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಬರುವ ಟ್ರ್ಯಾಕ್ಟರು, ಟ್ರೇಲರು ಮತ್ತು ಲಾರಿಗಳು ಸರದಿಗಾಗಿ ಕಾಯುತ್ತವೆ. ದಾಂಡೇಲಿಯ ಕಾಗದ ಕಾರ್ಖಾನೆಗೆ ಸರಕು ತರುವ ಲಾರಿಗಳೂ ರಸ್ತೆಬದಿಯಲ್ಲಿ ತಂಗುತ್ತವೆ. ಕಾಳಿ ನದಿಯ ಆಕರ್ಷಣೆಯಿಂದ ದಾಂಡೇಲಿ, ಜೋಯಿಡಾ ಕಡೆಗೆ ಬರುವ ಪ್ರವಾಸಿಗರ ಕಾರುಗಳು ಹೋಮ್‌ಸ್ಟೇಗಳ ಮುಂದೆ ರಾತ್ರಿಯಿಡೀ ನಿಂತಿರುತ್ತವೆ. ಲಾರಿಯ ಸ್ಟೆಪ್ನಿ, ಟ್ರೇಲರಿನ ಟೈರು, ಕಾರಿನ ಅಲಾಯ್ ಗಾಲಿ ಮೂರಕ್ಕೂ ಅಪಾಯ ಒಂದೇ. ಆದರೆ ಮುಂದೆ ನೋಡುವಂತೆ ವಿಮೆ ಒಂದೇ ಅಲ್ಲ.

ಬೀಗದ ನಟ್ಟು

ಪ್ರತಿ ಗಾಲಿಯ ಒಂದು ನಟ್ಟನ್ನು ತೆಗೆದು, ಆ ಜಾಗದಲ್ಲಿ ವಿಶೇಷ ಕೀಲಿಯಿಂದ ಮಾತ್ರ ತೆರೆಯಬಹುದಾದ ನಟ್ಟನ್ನು ಹಾಕುವುದು ಅತ್ಯಂತ ಸರಳವಾದ ರಕ್ಷಣೆ. ಇದನ್ನು ವೀಲ್ ಲಾಕ್ ನಟ್ ಎನ್ನುತ್ತಾರೆ. ನಾಲ್ಕರ ಜೊತೆಗೆ ಒಂದು ಕೀಲಿ ಬರುತ್ತದೆ. ಕೊಳ್ಳುವಾಗ ಗಮನಿಸಬೇಕಾದ ಅಂಶಗಳು ಇವು:

1. ಮರೆಯ ಅಳತೆ ಸರಿಯಾಗಿರಬೇಕು. ಮಾರುತಿ ಸುಜುಕಿ ಕಾರುಗಳಲ್ಲಿ ಸಾಮಾನ್ಯವಾಗಿ 12 ಮಿ.ಮೀ. ವ್ಯಾಸ ಮತ್ತು 1.25 ಮಿ.ಮೀ. ಅಂತರದ ಮರೆ ಇದ್ದರೆ, ಹ್ಯುಂಡೈ ಕಾರುಗಳಲ್ಲಿ 12 ಮಿ.ಮೀ. ಮತ್ತು 1.5 ಮಿ.ಮೀ. ಇರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ನಟ್ಟಿನ ಬದಲು ಬೋಲ್ಟು ಇರುತ್ತದೆ. ಕಾರಿನ ಕೈಪಿಡಿಯನ್ನು ನೋಡಿ ಕೊಳ್ಳತಕ್ಕದ್ದು.

2. ನಟ್ಟು ಗಾಲಿಗೆ ತಾಗುವ ಭಾಗದ ಆಕಾರವೂ ಹೊಂದಬೇಕು. ಕೆಲವು ಶಂಕುವಿನಾಕಾರ, ಕೆಲವು ಗುಂಡು, ಕೆಲವು ಚಪ್ಪಟೆ. ಆಕಾರ ಹೊಂದದಿದ್ದರೆ ಓಡುವಾಗ ಗಾಲಿ ಸಡಿಲವಾಗುವ ಅಪಾಯವಿದೆ. ಕಳ್ಳನಿಂದ ಗಾಲಿ ಉಳಿಸಲು ಹೋಗಿ ಪ್ರಾಣಕ್ಕೆ ಕುತ್ತು ತಂದುಕೊಳ್ಳಬಾರದು.

3. ಅಗ್ಗದ ಬೀಗದ ನಟ್ಟಿನ ಮೇಲೆ ಕಳ್ಳರು ಬೇರೆ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸುವುದುಂಟು. ಹೊರಗಿನ ಕವಚ ತಾನೇ ತಿರುಗುವ ಬಗೆಯ ನಟ್ಟಿನಲ್ಲಿ ಸಾಕೆಟ್ಟಿಗೆ ಹಿಡಿತ ಸಿಗುವುದಿಲ್ಲ. ಬೆಲೆ ಹೆಚ್ಚಾದರೂ ಗಟ್ಟಿ ಉಕ್ಕಿನ, ಇಂಥ ಕವಚವುಳ್ಳ ನಟ್ಟನ್ನೇ ಆರಿಸಬೇಕು.

4. ಕೀಲಿ ವಾಹನದಲ್ಲಿಯೇ ಇರಬೇಕು, ಆದರೆ ಕಣ್ಣಿಗೆ ಬೀಳುವಂತೆ ಇರಬಾರದು. ಅಣಶಿ ಘಟ್ಟದಲ್ಲಿ ರಾತ್ರಿ ಪಂಕ್ಚರ್ ಆಗಿ, ಕೀಲಿ ಹಳಿಯಾಳದ ಮನೆಯಲ್ಲಿದ್ದರೆ ಆಗುವ ಫಜೀತಿಯನ್ನು ಊಹಿಸಬಹುದು. ಕೀಲಿಯೊಂದಿಗೆ ಕೊಡುವ ಸಂಕೇತ ಸಂಖ್ಯೆಯನ್ನು ಮನೆಯ ಕಡತದಲ್ಲಿ ಬರೆದಿಡಿ. ಕೀಲಿ ಕಳೆದರೆ ಬೇರೆ ಕೀಲಿ ತರಿಸಲು ಅದು ಬೇಕಾಗುತ್ತದೆ.

5. ಸರ್ವಿಸಿಗೆ ಬಿಡುವಾಗ ಬೀಗದ ನಟ್ಟಿದೆಯೆಂದು ಹೇಳಿ, ಅದನ್ನು ಗಾಳಿಯ ಗನ್ನಿನಿಂದ ಬಿಗಿಸದೆ ಕೈಪಾನಾದಿಂದಲೇ ಬಿಗಿಸುವಂತೆ ಸೂಚಿಸಿ. ವಾಹನ ಮರಳಿ ಪಡೆಯುವಾಗ ಕೀಲಿಯನ್ನು ಕೇಳಿ ಪಡೆಯಿರಿ.

ಸ್ಟೆಪ್ನಿಯನ್ನು ಮರೆಯಬಾರದು. ಅನೇಕ ದೊಡ್ಡ ವಾಹನಗಳಲ್ಲಿ ಅದು ಹಿಂಭಾಗದ ಕೆಳಗೆ ಸರಪಳಿಯಲ್ಲಿ ತೂಗುತ್ತಿರುತ್ತದೆ. ಜಾಕಿನ ಅಗತ್ಯವೂ ಇಲ್ಲದೆ ಅದನ್ನು ಇಳಿಸಬಹುದು. ಲಾರಿ ಮತ್ತು ಟ್ರೇಲರಿನ ಸ್ಟೆಪ್ನಿಗೆ ದಪ್ಪ ಸರಪಳಿ ಹಾಗೂ ಮುಚ್ಚಿದ ಬಾಯಿಯ ಬೀಗ ಹಾಕುವುದು ಹಳೆಯ ಪದ್ಧತಿಯಾದರೂ ಇಂದಿಗೂ ಒಳ್ಳೆಯದೇ.

ನಿಲ್ಲಿಸುವ ರೀತಿ

ಯಾವ ಬೀಗವೂ ಕಳ್ಳನನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಅವನ ಸಮಯವನ್ನು ಹೆಚ್ಚಿಸುತ್ತದೆ, ಅಷ್ಟೇ. ಸಮಯ ಹೆಚ್ಚಾದಷ್ಟೂ ಅವನು ಬೇರೆ ವಾಹನದ ಕಡೆಗೆ ಸರಿಯುತ್ತಾನೆ. ಆದುದರಿಂದ ವಾಹನದ ಒಂದು ಬದಿಯನ್ನು ಗೋಡೆಗೆ ಒತ್ತಾಗಿ ನಿಲ್ಲಿಸಿ. ಆ ಬದಿಯಲ್ಲಿ ಪಾನಾ ತಿರುಗಿಸಲು ಜಾಗವಿರದಿದ್ದರೆ ನಾಲ್ಕು ಗಾಲಿಗಳ ಜೋಡಿ ಅವನಿಗೆ ಸಿಗುವುದಿಲ್ಲ. ಎರಡೇ ಗಾಲಿಗೆ ಬೆಲೆಯೂ ಕಡಿಮೆ. ಬೆಳಕಿರುವ ಜಾಗ, ಜನರ ಓಡಾಟವಿರುವ ಕಡೆ, ಕ್ಯಾಮೆರಾದ ನೇರ ನೋಟಕ್ಕೆ ಸಿಗುವ ಸ್ಥಳವನ್ನು ಆರಿಸಿ. ಅನೇಕ ಕಾರುಗಳ ಅಲಾರಾಂ ಬಾಗಿಲು ತೆರೆದರೆ ಮಾತ್ರ ಕೂಗುತ್ತದೆ. ಜಾಕ್ ಹಚ್ಚಿ ಎತ್ತಿದರೆ ಕೂಗುವುದಿಲ್ಲ. ಕಾರು ವಾಲಿದಾಗ ಕೂಗುವ ಸೆನ್ಸರನ್ನು ಬೇರೆಯಾಗಿ ಹಾಕಿಸಬೇಕಾಗುತ್ತದೆ.

ಗುರುತು ಮತ್ತು ಕಡತ

ವಾಹನದ ನೋಂದಣಿ ಸಂಖ್ಯೆಯನ್ನು ಗಾಲಿಯ ಒಳಮೈಯಲ್ಲಿ, ಹೊರಗೆ ಕಾಣದಂತೆ, ಕೆತ್ತಿಸಿಡುವುದು ಉತ್ತಮ. ಕೆತ್ತನೆ ಮೇಲ್ಮೈಯಲ್ಲಷ್ಟೇ ಇರಲಿ, ಆಳವಾಗಬಾರದು. ಟೈರಿನ ಬದಿಯಲ್ಲಿರುವ ಸರಣಿ ಸಂಖ್ಯೆಯನ್ನು ಬರೆದುಕೊಳ್ಳಿ. ಗಾಲಿಗಳ ಹೊರಮೈ, ಒಳಮೈ ಮತ್ತು ಕೆತ್ತಿದ ಸಂಖ್ಯೆ ಕಾಣುವಂತೆ ಫೋಟೋ ತೆಗೆದಿಡಿ. ಬಿಲ್ಲಿನಲ್ಲಿ ಗಾಲಿಯ ತಯಾರಕರ ಹೆಸರು, ಅಳತೆ, ಸಂಖ್ಯೆ ಹಾಗೂ ನಿಮ್ಮ ವಾಹನದ ನೋಂದಣಿ ಸಂಖ್ಯೆಯನ್ನು ಬರೆಸಿಕೊಳ್ಳಿ. ಇಷ್ಟೂ ಕೆಲಸಕ್ಕೆ ಬೇಕಾಗುವುದು ಅರ್ಧ ತಾಸು. ಪೊಲೀಸರು ಮುಂದೊಂದು ದಿನ ಹತ್ತಾರು ಗಾಲಿಗಳನ್ನು ವಶಪಡಿಸಿಕೊಂಡಾಗ, ನಿಮ್ಮದನ್ನು ಗುರುತಿಸಿ ನ್ಯಾಯಾಲಯದ ಮೂಲಕ ಬಿಡಿಸಿಕೊಳ್ಳಲು ಇದೇ ಆಧಾರ.

ವಿಮೆ: "ಫುಲ್" ಎಂಬ ಮಾತಿನ ಅರ್ಥ

ಮೋಟಾರು ವಿಮೆಯ ಷರತ್ತುಗಳಿಗೆ 2002ರ ಭಾರತೀಯ ಮೋಟಾರು ದರಪಟ್ಟಿ ಮೂಲ. 2007ರ ಜನವರಿ 1ರಿಂದ ಸ್ವಂತ ಹಾನಿ ವಿಮೆಯ ದರವನ್ನು ಕಂಪನಿಗಳೇ ನಿಗದಿಪಡಿಸಲು ಅವಕಾಶವಾದರೂ, ಪಾಲಿಸಿಯ ಮೂಲ ಷರತ್ತುಗಳು ಬಹುಮಟ್ಟಿಗೆ ಅದೇ ಮಾದರಿಯಲ್ಲಿ ಮುಂದುವರಿದಿವೆ. ಇದರಲ್ಲಿ ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದು, ಕೇವಲ ಥರ್ಡ್ ಪಾರ್ಟಿ ಪಾಲಿಸಿ. ಹಳೆಯ ವಾಹನಗಳಿಗೆ ಅನೇಕರು ಇದನ್ನಷ್ಟೇ ಮಾಡಿಸಿರುತ್ತಾರೆ. ಇದರಲ್ಲಿ ಕಳವಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ.

ಎರಡನೆಯದು, ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿ. ಇದರಲ್ಲಿ ವಾಹನಕ್ಕೂ, ವಾಹನದ ಮೇಲಿರುವ ಉಪಕರಣಗಳಿಗೂ ಕಳವಿನ ರಕ್ಷಣೆಯಿದೆ. ಕಂಪನಿಯಿಂದಲೇ ಅಲಾಯ್ ಗಾಲಿಯೊಂದಿಗೆ ಬಂದ ಕಾರಿಗೆ ಚಿಂತೆಯಿಲ್ಲ. ಅದರ ಬೆಲೆ ವಿಮಾ ಮೌಲ್ಯದಲ್ಲಿ ಸೇರಿರುತ್ತದೆ. ನಂತರ ಹಾಕಿಸಿದ ಗಾಲಿಯಾದರೆ, ಅದರ ಬೆಲೆಯನ್ನು ವಿದ್ಯುತ್ತೇತರ ಉಪಕರಣವೆಂದು ಕಂಪನಿಗೆ ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ಬರೆಸಿ, ಅದಕ್ಕೆ ತಕ್ಕ ಪ್ರೀಮಿಯಂ ಕಟ್ಟಿರಬೇಕು. ನಮ್ಮ ಕಕ್ಷಿದಾರರು ಎಡವಿದ್ದು ಇಲ್ಲಿಯೇ.

ಮೂರನೆಯದು, ಲಾರಿ, ಟ್ರ್ಯಾಕ್ಟರು ಮುಂತಾದ ವಾಣಿಜ್ಯ ವಾಹನಗಳ ಪ್ಯಾಕೇಜ್ ಪಾಲಿಸಿ. ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಅಚ್ಚರಿಯಾಗುವುದು ಇಲ್ಲಿ. ಇಡೀ ವಾಹನ ಕಳವಾಗದೆ ಬರೀ ಉಪಕರಣಗಳು ಕಳವಾದರೆ ಈ ಪಾಲಿಸಿಯಲ್ಲಿ ಪರಿಹಾರವಿಲ್ಲ. ಐ.ಎಂ.ಟಿ. 21 ಎಂಬ ಷರತ್ತಿನಂತೆ ದೀಪ, ಟೈರು, ಟ್ಯೂಬು, ಮಡ್‌ಗಾರ್ಡು ಮುಂತಾದವುಗಳ ನಷ್ಟವೂ, ವಾಹನ ಪೂರ್ಣ ನಷ್ಟವಾದ ಹೊರತು, ವಿಮೆಯ ಹೊರಗಿರುತ್ತದೆ. ಹೆಚ್ಚಿನ ಪ್ರೀಮಿಯಂ ಕಟ್ಟಿ ಐ.ಎಂ.ಟಿ. 23 ಪಡೆದರೆ ಇವುಗಳಲ್ಲಿ ಕೆಲವಕ್ಕೆ ರಕ್ಷಣೆ ಮರಳುತ್ತದೆ. ಆದರೆ ಅದೇ ವೇಳೆಯಲ್ಲಿ ವಾಹನಕ್ಕೂ ಹಾನಿಯಾಗಿರಬೇಕೆಂಬ ಷರತ್ತು ಅದರಲ್ಲಿಯೂ ಇರುವುದುಂಟು. ಒಟ್ಟಿನಲ್ಲಿ ಲಾರಿಯ ಸ್ಟೆಪ್ನಿಗೆ ವಿಮೆಯನ್ನು ನಂಬದೆ ಸರಪಳಿಯನ್ನು ನಂಬುವುದೇ ಲೇಸು. ನಿಮ್ಮ ಪಾಲಿಸಿಯ ಪುಟದಲ್ಲಿ ಈ ಎರಡು ಅಂಕೆಗಳಿವೆಯೇ ಎಂಬುದನ್ನು ಇಂದೇ ನೋಡಿ, ಏಜೆಂಟರನ್ನು ಕೇಳಿ.

ಒಂದು ಲೆಕ್ಕ

ಖಾಸಗಿ ಕಾರಿಗೆ ಪರಿಹಾರ ಸಿಕ್ಕರೂ ಎಷ್ಟು ಸಿಗುತ್ತದೆ? ಲೋಹದ ಭಾಗಗಳಿಗೆ ವಾಹನದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ: 1ರಿಂದ 2 ವರ್ಷಕ್ಕೆ ಶೇ. 10, 2ರಿಂದ 3 ವರ್ಷಕ್ಕೆ ಶೇ. 15, 3ರಿಂದ 4 ವರ್ಷಕ್ಕೆ ಶೇ. 25, 4ರಿಂದ 5 ವರ್ಷಕ್ಕೆ ಶೇ. 35. ಟೈರು, ಟ್ಯೂಬುಗಳಿಗೆ ವಯಸ್ಸು ಎಷ್ಟೇ ಇದ್ದರೂ ಶೇ. 50. ಇದರ ಮೇಲೆ 1,500 ಸಿ.ಸಿ.ವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯ ಕಡಿತ.

ಉದಾಹರಣೆಗೆ, ಎರಡೂವರೆ ವರ್ಷದ ಒಂದು ಸಣ್ಣ ಕಾರು. ಒಂದು ಅಲಾಯ್ ಗಾಲಿಗೆ 10,000, ಒಂದು ಟೈರಿಗೆ 5,000 ರೂಪಾಯಿ ಎಂದಿಟ್ಟುಕೊಳ್ಳೋಣ. ನಾಲ್ಕೂ ಹೋದರೆ ಹೊಸದಾಗಿ ಹಾಕಿಸಲು 60,000 ರೂಪಾಯಿ ಬೇಕು. ಗಾಲಿಗಳ 40,000ದಲ್ಲಿ ಶೇ. 15 ಕಳೆದು 34,000, ಟೈರುಗಳ 20,000ದಲ್ಲಿ ಅರ್ಧ ಕಳೆದು 10,000, ಒಟ್ಟು 44,000. ಕಡ್ಡಾಯ ಕಡಿತ ಕಳೆದರೆ 43,000 ರೂಪಾಯಿ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಕ್ಲೇಮು ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಸಿಗುವ ನೋ ಕ್ಲೇಮ್ ಬೋನಸ್ ಕ್ರಮವಾಗಿ ಶೇ. 20, 25, 35, 45, 50. ಕ್ಲೇಮು ಮಾಡಿದ ಕೂಡಲೇ ಅದು ಸೊನ್ನೆಗೆ ಇಳಿಯುತ್ತದೆ. ಈ ಕಾರಿನ ಮಾಲೀಕರಿಗೆ ಕ್ಲೇಮು ಇಲ್ಲದಿದ್ದರೆ ಮುಂದಿನ ನವೀಕರಣಗಳಲ್ಲಿ ಶೇ. 35, 45, 50, 50, 50 ಸಿಗುತ್ತಿತ್ತು. ಕ್ಲೇಮು ಮಾಡಿದರೆ 0, 20, 25, 35, 45 ಸಿಗುತ್ತದೆ. ವ್ಯತ್ಯಾಸಗಳನ್ನು ಕೂಡಿದರೆ ಶೇ. 105. ಬೋನಸ್ ಕಳೆಯುವ ಮೊದಲಿನ ಪ್ರೀಮಿಯಂ ವರ್ಷಕ್ಕೆ 12,000 ರೂಪಾಯಿ ಎಂದು ಹಿಡಿದರೆ, ಐದು ವರ್ಷಗಳಲ್ಲಿ ಕಳೆದುಕೊಳ್ಳುವ ಬೋನಸ್ 12,600 ರೂಪಾಯಿ.

ಆದುದರಿಂದ ನಾಲ್ಕು ಗಾಲಿಗಳ ಕ್ಲೇಮಿನ ನಿಜವಾದ ಲಾಭ 43,000ದಲ್ಲಿ 12,600 ಕಳೆದು 30,400 ರೂಪಾಯಿ. ಉಳಿದ 29,600 ರೂಪಾಯಿ, ಅಂದರೆ ಹೆಚ್ಚುಕಡಿಮೆ ಅರ್ಧ ಭಾಗ, ಮಾಲೀಕರ ಜೇಬಿನಿಂದಲೇ. ಒಂದೇ ಗಾಲಿ ಹೋಗಿದ್ದರೆ? ಗಾಲಿಗೆ 8,500, ಟೈರಿಗೆ 2,500, ಕಡಿತ 1,000, ಸಿಗುವುದು 10,000. ಬೋನಸ್ ನಷ್ಟ 12,600. ಇಲ್ಲಿ ಕ್ಲೇಮು ಮಾಡುವುದೇ ನಷ್ಟ! ಶೂನ್ಯ ಸವಕಳಿ ಮತ್ತು ಬೋನಸ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಪಡೆದವರಿಗೆ ಈ ಅಂಕೆಗಳು ಬದಲಾಗುತ್ತವೆ. ಆದರೆ ಶೂನ್ಯ ಸವಕಳಿಯಲ್ಲಿ ಟೈರನ್ನು ಬಿಟ್ಟಿದ್ದಾರೆಯೇ ಎಂದು ಓದಿಕೊಳ್ಳಬೇಕು. ಇಷ್ಟೆಲ್ಲ ನೋಡಿದ ಮೇಲೆ ಬೀಗದ ನಟ್ಟಿನ ಖರ್ಚು ದೊಡ್ಡದೆನಿಸದು.

ಕಳವಾದ ಮೇಲೆ

ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದಂತೆ ಎಂಬ ಗಾದೆಯಿದ್ದರೂ, ಕಳವಿನ ನಂತರದ ಮೊದಲ ದಿನ ಮಾಡುವ ಕೆಲಸ ಬಹಳ ಮುಖ್ಯ. ವಾಹನವನ್ನು ಮುಟ್ಟದೆ ಫೋಟೋ ತೆಗೆಯಿರಿ. 112ಕ್ಕೆ ಕರೆ ಮಾಡಿ, ಅದೇ ದಿನ ಠಾಣೆಯಲ್ಲಿ ಲಿಖಿತ ದೂರು ನೀಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಕಳವು ಯಾವ ಠಾಣೆಯ ವ್ಯಾಪ್ತಿಯಲ್ಲಿ ಆಗಿದ್ದರೂ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ವಿದ್ಯುನ್ಮಾನ ಮಾಧ್ಯಮದ ಮೂಲಕ ಕಳುಹಿಸಿದರೆ 3 ದಿನದೊಳಗೆ ಸಹಿ ಹಾಕಬೇಕು. ಎಫ್.ಐ.ಆರ್.ನ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು.

ದೂರಿನಲ್ಲಿ ಬೆಲೆ ಬರೆಯುವಾಗ ಎಚ್ಚರ ಬೇಕು. ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಡಿ ಕಳವಿಗೆ 3 ವರ್ಷದವರೆಗೆ ಶಿಕ್ಷೆಯಿದೆ. ಆದರೆ ಕಳವಾದ ವಸ್ತುವಿನ ಮೌಲ್ಯ 5,000 ರೂಪಾಯಿಗಿಂತ ಕಡಿಮೆಯಿದ್ದರೆ ಅದನ್ನು ಅಸಂಜ್ಞೇಯ ಅಪರಾಧವೆಂದು ವರ್ಗೀಕರಿಸಲಾಗಿದೆ. ಅಂದರೆ ನ್ಯಾಯಾಧೀಶರ ಅನುಮತಿಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. "ಹಳೇ ಸ್ಟೆಪ್ನಿ, ಎರಡು-ಮೂರು ಸಾವಿರ ಆದೀತು" ಎಂದು ಅಂದಾಜಿನಲ್ಲಿ ಬರೆದುಕೊಟ್ಟರೆ ಪ್ರಕರಣವೇ ನಿಂತುಹೋಗಬಹುದು. ಗಾಲಿ ಮತ್ತು ಟೈರು ಎರಡರ ಬೆಲೆಯನ್ನೂ ಬಿಲ್ಲಿನ ಆಧಾರದಿಂದ ಬರೆಯಿರಿ. ಕಡಿಮೆಯೂ ಬೇಡ, ಹೆಚ್ಚೂ ಬೇಡ.

ಅಕ್ಕಪಕ್ಕದ ಕ್ಯಾಮೆರಾಗಳ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆ. ಅವುಗಳನ್ನು ಉಳಿಸಿಡುವಂತೆ ಅಂಗಡಿಯವರನ್ನು ಅದೇ ದಿನ ವಿನಂತಿಸಿ.

ವಿಮಾ ಕಂಪನಿಗೂ ಅದೇ ದಿನ ತಿಳಿಸಿ, ತಿಳಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಸರ್ವೇಯರು ನೋಡುವ ಮೊದಲೇ ಹೊಸ ಗಾಲಿ ಹಾಕಿಸಬೇಡಿ. ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮು ತಿರಸ್ಕೃತವಾದರೆ ಧೈರ್ಯಗೆಡಬೇಕಿಲ್ಲ. ಗುರ್‌ಶಿಂದರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠವು 2020ರ ಜನವರಿಯಲ್ಲಿ, ಪೊಲೀಸರಿಗೆ ತಕ್ಷಣ ದೂರು ನೀಡಿದ್ದರೆ ಕಂಪನಿಗೆ ತಿಳಿಸುವಲ್ಲಿ ಆದ ವಿಳಂಬವೊಂದೇ ವಾಹನ ಕಳವಿನ ಕ್ಲೇಮನ್ನು ನಿರಾಕರಿಸಲು ಆಧಾರವಾಗದು ಎಂದು ಹೇಳಿದೆ. ಗಮನಿಸಿ: ಇದರ ಪ್ರಯೋಜನ ಪೊಲೀಸ್ ದೂರನ್ನು ಬೇಗ ಕೊಟ್ಟವರಿಗೆ. ಕಂಪನಿಗೆ ಲಿಖಿತ ಮನವಿ ಕೊಟ್ಟು ಒಂದು ತಿಂಗಳಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ವ್ಯಕ್ತಿಗಳಿಗಷ್ಟೇ ಅಲ್ಲದೆ ಏಕಮಾಲೀಕತ್ವದ ಸಂಸ್ಥೆ ಮತ್ತು ಅತಿಸಣ್ಣ ಉದ್ದಿಮೆಗಳಿಗೂ ಈ ಅವಕಾಶವಿದೆ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ.

ಲೆಕ್ಕಪುಸ್ತಕ ಮತ್ತು ತೆರಿಗೆ

ವ್ಯವಹಾರದ ವಾಹನಕ್ಕೆ ಕಳವಾದ ಗಾಲಿಯ ಬದಲು ಬೇರೆ ಗಾಲಿ ಹಾಕಿಸಿದರೆ, ಸಾಮಾನ್ಯವಾಗಿ ಅದು ವಾಹನ ದುರಸ್ತಿಯ ಖರ್ಚು. ವಿಮೆಯಿಂದ ಬಂದ ಹಣವನ್ನು ಆ ಖರ್ಚಿನಿಂದ ಕಳೆಯಬೇಕು. ಖರ್ಚನ್ನು ಪೂರ್ತಿ ಬರೆದು, ಪರಿಹಾರವನ್ನು ಮಾಲೀಕರ ಬಂಡವಾಳ ಖಾತೆಗೆ ಜಮಾ ಮಾಡುವುದು ತಪ್ಪು. ಕಾರನ್ನು ಮನೆಯ ಬಳಕೆಗೂ ಉಪಯೋಗಿಸುತ್ತಿದ್ದರೆ ಅಷ್ಟು ಭಾಗವನ್ನು ಬಿಡಬೇಕು. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು ಮತ್ತು ಲಾರಿ ಮಾಲೀಕರಿಗೆ ಈ ಖರ್ಚು ಬೇರೆಯಾಗಿ ಸಿಗುವುದಿಲ್ಲ. ನಷ್ಟ ಪೂರ್ತಿ ಅವರದೇ.

ಟೈರು, ಗಾಲಿಗಳನ್ನೇ ಮಾರುವ ಸದಸ್ಯರು ಇನ್ನೊಂದು ಮಾತನ್ನು ನೆನಪಿಡಬೇಕು. ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಕಲಮಿನಂತೆ ಕಳವಾದ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ಹಿಂದಿರುಗಿಸಬೇಕು. 1,00,000 ರೂಪಾಯಿಯ ಸರಕು ಕಳವಾದರೆ, ಶೇ. 18ರ ದರದಲ್ಲಿ 18,000 ರೂಪಾಯಿ ಕ್ರೆಡಿಟ್ಟೂ ಹೋಗುತ್ತದೆ. ಅಂಗಡಿಯ ಕಳವು ವಿಮೆಯನ್ನು 1,00,000ಕ್ಕೆ ಮಾತ್ರ ಮಾಡಿಸಿದ್ದರೆ ಈ 18,000 ಕೈಯಿಂದ ಕೊಡಬೇಕಾದದ್ದು. ತೆರಿಗೆ ಸೇರಿಸಿಯೇ ವಿಮಾ ಮೊತ್ತ ನಿಗದಿಪಡಿಸುವ ಬಗ್ಗೆ ಕಂಪನಿಯೊಡನೆ ಮಾತನಾಡಿ.

ಅತಿಥಿಯ ಕಾರು ಯಾರ ಹೊಣೆ?

ದಾಂಡೇಲಿ, ಜೋಯಿಡಾ ಭಾಗದ ಹೋಮ್‌ಸ್ಟೇ ಮತ್ತು ರೆಸಾರ್ಟ್ ಮಾಲೀಕರು "ವಾಹನ ನಿಲುಗಡೆ ಮಾಲೀಕರ ಸ್ವಂತ ಜವಾಬ್ದಾರಿ" ಎಂಬ ಫಲಕ ಹಾಕಿ ನಿಶ್ಚಿಂತರಾಗಿರುವುದನ್ನು ಕಂಡಿದ್ದೇನೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಸಿಬ್ಬಂದಿಯ ವಶಕ್ಕೆ ಕೊಟ್ಟ ಕಾರೊಂದು ಕಳವಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ನವೆಂಬರಿನಲ್ಲಿ ಹೋಟೆಲನ್ನೇ ಹೊಣೆಯಾಗಿಸಿತು. ವಾಹನವನ್ನು ಕೀಲಿ ಸಮೇತ ಸಿಬ್ಬಂದಿಯ ವಶಕ್ಕೆ ಪಡೆದ ಮೇಲೆ, ಅದರ ಕಾಳಜಿಯಲ್ಲಿ ನಿರ್ಲಕ್ಷ್ಯ ತೋರಿದರೆ ಫಲಕವಾಗಲಿ ಚೀಟಿಯಾಗಲಿ ರಕ್ಷಣೆ ಕೊಡುವುದಿಲ್ಲ ಎಂಬುದು ಅದರ ಸಾರ. ಅದು ಇಡೀ ಕಾರಿನ ಕಳವಾದರೂ, ವಶಕ್ಕೆ ಪಡೆದ ಕಾರಿನ ಗಾಲಿಗಳು ಕಳವಾದಾಗಲೂ ಇದೇ ವಾದ ಎದುರಾಗಬಹುದು. ಅತಿಥಿಯ ಕೀಲಿಯನ್ನು ನೀವು ಇಟ್ಟುಕೊಳ್ಳುವ ಪದ್ಧತಿಯಿದ್ದರೆ ಬೆಳಕು, ಕಾವಲು, ಕ್ಯಾಮೆರಾ ಮೂರೂ ಇರಲಿ. ಗ್ಯಾರೇಜು ನಡೆಸುವವರಿಗೂ ಇದು ಅನ್ವಯಿಸುವ ಮಾತು.

ಕೊಳ್ಳುವವರಿದ್ದರೆ ಕದಿಯುವವರು

ಕೊನೆಯದಾಗಿ ಒಂದು ಕಹಿ ಮಾತು. ಕಳ್ಳನು ಗಾಲಿಯನ್ನು ತನ್ನ ಮನೆಯಲ್ಲಿ ಅಲಂಕಾರಕ್ಕೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಕೊಳ್ಳುವವರು ವ್ಯಾಪಾರಸ್ಥರೇ: ಬಿಡಿಭಾಗದ ಅಂಗಡಿಯವರು, ಪಂಕ್ಚರ್ ಅಂಗಡಿಯವರು, ಗುಜರಿಯವರು, ಅವರಿಂದ ಅಗ್ಗಕ್ಕೆ ಕೊಳ್ಳುವವರು ನಾವೇ. ಕದ್ದ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡರೆ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ 3 ವರ್ಷದವರೆಗೆ ಶಿಕ್ಷೆಯಿದೆ. ಬಿಲ್ಲಿಲ್ಲದೆ, ಅರ್ಧ ಬೆಲೆಗೆ, ಅಪರಿಚಿತ ವ್ಯಕ್ತಿ ತಂದ ನಾಲ್ಕು ಹೊಸ ಗಾಲಿಗಳನ್ನು ಕೊಂಡವರು "ನನಗೆ ಗೊತ್ತಿರಲಿಲ್ಲ" ಎಂದರೆ ನ್ಯಾಯಾಲಯ ಸುಲಭವಾಗಿ ನಂಬದು.

ಹಳೆಯ ಗಾಲಿ ಕೊಳ್ಳುವ ಅಂಗಡಿಯವರು ಮಾರುವವರ ಗುರುತಿನ ಚೀಟಿಯ ಪ್ರತಿ, ಅವರ ವಾಹನದ ನೋಂದಣಿ ಸಂಖ್ಯೆ, ಗಾಲಿಯ ಫೋಟೋಗಳೊಂದಿಗೆ ಒಂದು ಖರೀದಿ ವಹಿ ಇಡಬೇಕು. ಹಣವನ್ನು ಬ್ಯಾಂಕಿನ ಮೂಲಕ ಕೊಡಬೇಕು. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟ ಖರೀದಿಯು ಆದಾಯ ತೆರಿಗೆಯಲ್ಲಿ ಖರ್ಚೆಂದು ಸಿಗುವುದೂ ಇಲ್ಲ. ಕದ್ದ ಮಾಲಿಗೆ ಹಳಿಯಾಳದಲ್ಲಿ ಗಿರಾಕಿಯಿಲ್ಲವೆಂದಾದರೆ, ಹಳಿಯಾಳದ ವಾಹನಗಳ ಮೇಲೆ ಕಳ್ಳರ ಕಣ್ಣು ಬೀಳುವುದೂ ಕಡಿಮೆಯಾದೀತು.

ಆರಂಭದಲ್ಲಿ ಹೇಳಿದ ನಮ್ಮ ಕಕ್ಷಿದಾರರು ಈಗ ಬಿಲ್ಲು ಪಡೆದು ಗಾಲಿ ಹಾಕಿಸಿದ್ದಾರೆ, ಪಾಲಿಸಿಯಲ್ಲಿ ಬರೆಸಿದ್ದಾರೆ, ನಾಲ್ಕು ಬೀಗದ ನಟ್ಟುಗಳನ್ನೂ ಹಾಕಿಸಿದ್ದಾರೆ. ಅಂದು ಬಿಲ್ಲಿಲ್ಲದೆ ಉಳಿಸಿದ ತೆರಿಗೆಯೇ ತಮಗೆ ಅತ್ಯಂತ ದುಬಾರಿಯಾಯಿತೆಂದು ಅವರೇ ನಾಲ್ಕು ಜನರಿಗೆ ಹೇಳುತ್ತಾರೆ. ಇನ್ನೊಂದು ಸಂಗತಿಯೂ ಅವರನ್ನು ಕಾಡಿದೆ: ಬಿಲ್ಲಿಲ್ಲದೆ ತಾವು ಕೊಂಡಿದ್ದ ಆ ಗಾಲಿಗಳು ಮೊದಲು ಯಾರ ಕಾರಿನಲ್ಲಿದ್ದವೋ ಎಂಬುದು. ಓದುಗ ಬಂಧುಗಳು ಈ ಸಂಚಿಕೆಯನ್ನು ಕೆಳಗಿಡುವ ಮೊದಲು ತಮ್ಮ ವಾಹನದ ಪಾಲಿಸಿಯನ್ನು ಒಮ್ಮೆ ತೆರೆದು ನೋಡಲಿ ಎಂದು ವಿನಂತಿ.